ಅಳಿಯನ ಮೊದಲ ಕತ್ತಿ

ನಮ್ಮ ಭಾವನ ಕಟಿಂಗ್ ಅಂಗಡಿಗೆ ಮಂಗಳವಾರ ಸೂಟಿ. ಹಾಗಾಗಿ ಕತ್ತಿ ಆರಿಸಲು ಹೊರಟದ್ದೂ ಮಂಗಳವಾರವೇ. ಅಕ್ಕನ ಮಗ ಪಿಯುಸಿ ಮುಗಿಸಿದ್ದಾನೆ. ಶಿರಹಟ್ಟಿಯಲ್ಲಿರುವ ಭಾವನಿಗೆ ಮೊಣಕಾಲು ನೋವು ಹೆಚ್ಚಾಗಿ ದಿನಕ್ಕೆ ನಾಲ್ಕೈದು ತಾಸಿಗಿಂತ ಜಾಸ್ತಿ ನಿಲ್ಲಲು ಆಗುವುದಿಲ್ಲ. ಎರಡು ಕುರ್ಚಿಯ ಅಂಗಡಿಯಲ್ಲಿ ಒಂದು ಕುರ್ಚಿ ಖಾಲಿ ಬಿದ್ದು ವರ್ಷವಾಯಿತು. ಹುಡುಗ ಸುಲಭಕ್ಕೆ ಒಪ್ಪಲಿಲ್ಲ. ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡಿ ಕರೆಯುವ ಗೆಳೆಯರು ಕಾಲೇಜಿನಲ್ಲೂ ಇದ್ದರಂತೆ. ಕೊನೆಗೆ ಒಂದು ಷರತ್ತು ಹಾಕಿದ: "ಮಾವಾ, ನಾ ಕುರ್ಚಿ ಹಿಂದ ನಿಂದರ್ತೀನಿ. ಆದ್ರ ಅಜ್ಜನ ಕತ್ತಿನ ಬೇಕು ನನಗ."

ಅಜ್ಜ ಅಂದರೆ ನಮ್ಮಪ್ಪ. ಅವನ ಹಡಪ ಮುಂಡರಗಿಯಲ್ಲಿ ಅವ್ವನ ಟ್ರಂಕಿನಲ್ಲಿದೆ. ಹಡಪ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. 12ನೇ ಶತಮಾನದಲ್ಲಿ ಬಸವಣ್ಣನವರಿಗೆ ಎಲೆ-ಅಡಿಕೆಯ ಚೀಲ ಹಿಡಿಯುತ್ತಿದ್ದ ವಚನಕಾರ ಅಪ್ಪಣ್ಣನವರು ಹಡಪದ ಅಪ್ಪಣ್ಣ ಆದರಲ್ಲ, ಅದೇ ಹಡಪ. ನಮ್ಮ ಮನೆಗಳಲ್ಲಿ ಕತ್ತಿ, ಕತ್ತರಿ, ಕಲ್ಲು, ಕನ್ನಡಿ ಇಡುವ ಚೀಲಕ್ಕೂ ಅದೇ ಹೆಸರು. ಅಪ್ಪ ಅದನ್ನು ಬಗಲಿಗೆ ಹಾಕಿಕೊಂಡು ಸುತ್ತಿನ ಹಳ್ಳಿಗಳಿಗೆ ನಡೆದು ಹೋಗುತ್ತಿದ್ದ. ಆಗ ರೊಕ್ಕದ ಮಾತಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ವರ್ಷದ ಆಯವೆಂದು ಜೋಳ ಅಳೆದು ಹಾಕುತ್ತಿದ್ದರು.

ಅವ್ವ ಟ್ರಂಕು ತೆಗೆದು ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಕತ್ತಿ ಕೊಟ್ಟಳು. ಕಪ್ಪು ಹಿಡಿ, ಅಲಗಿನ ಬುಡದಲ್ಲಿ ಇಂಗ್ಲಿಷಿನಲ್ಲಿ ಸೋಲಿಂಗೆನ್ ಎಂದು ಅಚ್ಚು. ಅದು ಜರ್ಮನಿಯ ಊರು; ಚಾಕು-ಕತ್ತಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಷ್ಟೇ ಹೆಸರುವಾಸಿ. ಹುಡುಗ ಬೆರಳಿನಿಂದ ಅಲಗು ಮುಟ್ಟಲು ಹೋದ. ಅವ್ವ ಅವನ ಕೈ ಮೇಲೆ ಒಂದು ಹಾಕಿದಳು. "ಅದರಾಗ ನಿನ್ನ ಜಾವಳ ತಗದದ. ಮೊದಲ ಕೂದಲಾ ನಿಮ್ಮ ಮಾವನ ಕತ್ತರಿಸಿದ್ದ, ಉಳಿದದ್ದು ನಿಮ್ಮಜ್ಜ."

ಗದಗಿನ ಬಸ್ಸು ಹತ್ತಿದೆವು. ಎಡಕ್ಕೆ ಕಪ್ಪತಗುಡ್ಡ, ಗಾಳಿಯಂತ್ರಗಳು. ಡಂಬಳದಲ್ಲಿ ಇಳಿದು ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂತೆ ಮೂಲೆ ಮೂಲೆಯಾದ ಗೋಡೆಯನ್ನು ಹುಡುಗನಿಗೆ ತೋರಿಸುವ ಆಸೆ ನನಗಿತ್ತು. ಅವನಿಗೆ ಕತ್ತಿಯದೇ ಚಿಂತೆ; ಮೊಬೈಲಿನಲ್ಲಿ ಇನ್ನೂರು ಚಿಲ್ಲರೆ ರೂಪಾಯಿಯ ಹೊಳೆಯುವ ಕತ್ತಿಗಳನ್ನು ತೋರಿಸುತ್ತ ಕೂತಿದ್ದ.

ನಾನು ಬೆಟಗೇರಿಯಲ್ಲಿ ಪ್ರೆಸ್ಸಿನ ಕೆಲಸಕ್ಕೆ ಸೇರಿದವನು. ಕಸುಬನ್ನು ಅಪ್ಪನಿಂದ ಅರ್ಧಕ್ಕೇ ಕಲಿತೆ. ಆದರೆ ಗದಗಿನಲ್ಲಿ ಕ್ಷೌರದ ಸಾಮಾನು ಮಾರುವ ಅಂಗಡಿ ಗೊತ್ತು. ಅಂಗಡಿಯವರು ಗಾಜಿನ ಮೇಲೆ ಐದಾರು ಉಸ್ತರಾ ಹರಡಿದರು. ಎಲ್ಲವೂ ಬ್ಲೇಡು ಹಾಕುವಂಥವು. ಖಾಯಂ ಅಲಗಿನದು ಒಂದೂ ಇಲ್ಲ.

"ಅದನ್ನ ಯಾರ ಒಯ್ತಾರ್ರೀ ಈಗ?" ಅಂದರು. ನಿಜ. ತೊಂಬತ್ತರ ದಶಕದಲ್ಲಿ ಏಡ್ಸ್ ತಿಳಿವಳಿಕೆಯ ಪ್ರಚಾರ ಊರೂರಿಗೆ ಬಂದ ಮೇಲೆ ಗಿರಾಕಿಗಳೇ "ಹೊಸಾ ಬ್ಲೇಡ್ ಹಾಕ್ರಿ" ಅನ್ನತೊಡಗಿದರು. ಒಬ್ಬನ ರಕ್ತದ ಕಣ ಅಲಗಿನ ಮೇಲೆ ಉಳಿದರೆ ಇನ್ನೊಬ್ಬನಿಗೆ ಹೆಪಟೈಟಿಸ್ ಕೂಡ ದಾಟಬಹುದು. ಹಾಗೆ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮುರಿದು, ಅರ್ಧವನ್ನು ಉಸ್ತರಾದ ಬಾಯಿಗೆ ಸೇರಿಸುವ ಪದ್ಧತಿ ಬಂತು. ಒಂದು ಬ್ಲೇಡಿಗೆ ಎರಡು ದಾಡಿ. ಅಪ್ಪನೂ ಕೊನೆಯ ವರ್ಷಗಳಲ್ಲಿ ಅದನ್ನೇ ಹಿಡಿದ, ಗೊಣಗುತ್ತಲೇ.

ಬ್ಲೇಡಿನದಾದರೂ ಎಲ್ಲವೂ ಒಂದೇ ಅಲ್ಲ. ಮೊದಲು ಹಿಡಿ ಮತ್ತು ಬಾಯಿ ಕೂಡುವ ಮೊಳೆ ನೋಡಬೇಕು. ಬಿಚ್ಚಿ ಹಿಡಿದಾಗ ತನ್ನ ಭಾರಕ್ಕೇ ತಿರುಗಿಬಿಟ್ಟರೆ ಅಂಥದ್ದು ಹೊಸಬನಿಗೆ ಅಪಾಯ. ಆಮೇಲೆ ಬ್ಲೇಡು ಎಷ್ಟು ಹೊರಗೆ ಕಾಣುತ್ತದೆ ಎಂಬುದು: ಹೆಚ್ಚು ಹೊರಬಂದಷ್ಟೂ ಬೇಗ ಬೋಳಿಸುತ್ತದೆ, ಅಷ್ಟೇ ಬೇಗ ಕೊಯ್ಯುತ್ತದೆ. ತುದಿಯಲ್ಲಿ ಬ್ಲೇಡಿನ ಮೂಲೆ ಮುಚ್ಚಿರಬೇಕು. ಕಿವಿಯ ಬುಡ, ಮೂಗಿನ ಕೆಳಗೆ ಗಾಯವಾಗುವುದು ಆ ಮೂಲೆಯಿಂದಲೇ. ಪ್ಲಾಸ್ಟಿಕ್ ಹಿಡಿಯದು ಹೂವಿನಷ್ಟು ಹಗುರ. ಹಗುರಾದದ್ದಕ್ಕೆ ಕಲಿಯುವವನು ಕೈ ಒತ್ತುತ್ತಾನೆ, ಒತ್ತಬಾರದು. ಪೂರ್ತಿ ಸ್ಟೇನ್‌ಲೆಸ್ ಸ್ಟೀಲಿನದು, ತುಸು ತೂಕದ್ದು ಆರಿಸಿದೆವು. ಕುದಿಯುವ ನೀರಿಗೂ ಹಾಕಬಹುದು. ನೂರೈವತ್ತು ರೂಪಾಯಿ.

ಹುಡುಗನ ಮುಖ ಸಪ್ಪಗಾಯಿತು. "ಇದು ಎಲ್ಲಾರ ಹಂತೇಕೂ ಇರತದ, ಮಾವಾ."

ಲಕ್ಷ್ಮೇಶ್ವರಕ್ಕೆ ಹೋದದ್ದು ಅದಕ್ಕಾಗಿ. ಮುಳಗುಂದದ ಮೇಲೆ ಹಾಯ್ದು ಹೋದರೆ ಹಳೆಯ ಪುಲಿಗೆರೆ. ಸೋಮೇಶ್ವರ ಗುಡಿಯ ಆಚೆ ನಮ್ಮ ದೊಡ್ಡಪ್ಪ ಇರುತ್ತಾನೆ, ಎಂಬತ್ತು ದಾಟಿದೆ. ನಮ್ಮ ಬಳಗದಲ್ಲಿ ಕಲ್ಲಿನ ಮೇಲೆ ಕತ್ತಿ ಎಳೆಯುವ ಕೈ ಉಳಿದಿರುವುದು ಅವನದೊಂದೇ. ಅಪ್ಪನ ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದ, ಆಮೇಲೆ ಗಾಜಿನ ತುಂಡಿನ ಮೇಲೆ ಮಲಗಿಸಿದ. ಬೆನ್ನು ಮತ್ತು ಬಾಯಿ ಎರಡೂ ಉದ್ದಕ್ಕೂ ಗಾಜಿಗೆ ತಾಗಬೇಕಂತೆ. ಎಲ್ಲಾದರೂ ಎದ್ದು ನಿಂತರೆ ಅಲಗು ತಿರುಚಿದೆ ಎಂದರ್ಥ. ಬಾಯಿಯಲ್ಲಿ ತುಕ್ಕಿನ ಗುಳಿ ಇದ್ದರೆ ಕಲ್ಲು ಎಷ್ಟು ಸವೆದರೂ ಕತ್ತಿ ಸರಿಹೋಗದು. ಬೆನ್ನ ಮೇಲಿನ ತುಕ್ಕು ಲೆಕ್ಕಕ್ಕಿಲ್ಲ.

ಅಗಲ ಇಂಚಿನ ಎಂಟರಲ್ಲಿ ಐದು ಪಾಲು, ಅಂದರೆ ಸುಮಾರು 16 ಮಿಲಿಮೀಟರ್. ಕಲಿಯುವವನಿಗೆ ಇದೇ ಸರಿ ಅಂದ. ಅದಕ್ಕಿಂತ ಅಗಲವಾದದ್ದು ಮೂಗಿನ ಕೆಳಗೆ ತಿರುಗದು, ತೀರ ಸಣ್ಣದು ಕೈಯಲ್ಲಿ ನಿಲ್ಲದು. ತುದಿ ದುಂಡಗಿದೆ, ಎರಡೂ ಮಗ್ಗಲು ತಗ್ಗಾಗಿ ಅರೆದ ಅಲಗು, ಒಳ್ಳೆಯದೇ. ಮೊಬೈಲಿನ ಕತ್ತಿಗಳನ್ನು ಹುಡುಗ ತೋರಿಸಿದಾಗ ಮುದುಕ ನಕ್ಕ. "ಹೊಳಪಾ ನೋಡಬ್ಯಾಡೋ ತಮ್ಮಾ. ಮೆತ್ತನ್ನ ಕಬ್ಬಿಣಕ್ಕ ಬಾಯಿ ನಿಂದರೂದುಲ್ಲ. ಕತ್ತಿ ತಗೊಳೂದರಕಿಂತ ಮೊದಲು ಅದನ್ನ ಮಸಿಯಾಂವ ಯಾರು ಅಂತ ಕೇಳಕೋಬೇಕು. ನಾ ಹ್ವಾದ್ರ ಇದನ್ನ ಯಾರ ಮಸೀತಾರ?"

ಹುಡುಗ ಸುಮ್ಮನಾದ.

ದೊಡ್ಡಪ್ಪ ಮೊದಲು ಕಲ್ಲನ್ನೇ ಇನ್ನೊಂದು ಕಲ್ಲಿಗೆ ತಿಕ್ಕಿ ಸಪಾಟು ಮಾಡಿದ; ನಡುವೆ ಕುಳಿ ಬಿದ್ದ ಕಲ್ಲು ಕತ್ತಿಯನ್ನು ಕೆಡಿಸುತ್ತದೆ. ನೀರು ಹನಿಸಿ, ಬೆನ್ನು ಮತ್ತು ಬಾಯಿ ಎರಡನ್ನೂ ಒಟ್ಟಿಗೆ ಮಲಗಿಸಿ, ಬಾಯಿ ಮುಂದಾಗಿ ಎಳೆದ. ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸ್. ತೊಗಲಿನ ಪಟ್ಟಿಯ ಮೇಲೆ ಅದರ ಉಲ್ಟಾ, ಬೆನ್ನು ಮುಂದೆ. ಬಾಯಿ ಮುಂದಾದರೆ ತೊಗಲೂ ಕೊಯ್ದೀತು, ಅಲಗೂ ಮೊಂಡಾದೀತು. ಹುಡುಗ ಎಣಿಸಿದ, ಪಟ್ಟಿಯ ಮೇಲೆ ನಲವತ್ತು ಸಲ. ಕೊನೆಗೆ ದೊಡ್ಡಪ್ಪ ತನ್ನ ಮೊಣಕೈ ಕೆಳಗಿನ ಕೂದಲಿಗೆ ತಾಗಿಸಿದ. ಸಪ್ಪಳವಿಲ್ಲದೆ ಉದುರಿತು.

ತೀರ್ಪು ಅವನೇ ಕೊಟ್ಟ. ಅಂಗಡಿಗೆ ಬ್ಲೇಡಿನದು, ಗಿರಾಕಿಗೊಂದು ಹೊಸ ಅರ್ಧ ಬ್ಲೇಡು, ಅವರ ಕಣ್ಣೆದುರಿಗೇ ಮುರಿದು ಹಾಕಬೇಕು. ಅಪ್ಪನ ಕತ್ತಿ ಹುಡುಗನ ಸ್ವಂತ ಗದ್ದಕ್ಕೆ ಮಾತ್ರ, ಬೇರೆ ಯಾರ ಮುಖಕ್ಕೂ ಅಲ್ಲ. ಅದೂ ಮಸೆಯುವುದು ಕಲಿತ ಮೇಲೆ. ಅಲ್ಲಿಯವರೆಗೆ ಕತ್ತಿ ಲಕ್ಷ್ಮೇಶ್ವರದಲ್ಲೇ ಇರಲಿ. ನನಗೆ ಇದು ಸರಿ ಅನಿಸಿತು. ಹುಡುಗನಿಗೆ ಅನಿಸಲು ಶಿರಹಟ್ಟಿ ಬಸ್ಸು ಮುಟ್ಟುವವರೆಗೂ ಹೊತ್ತು ಹಿಡಿಯಿತು. ದಾರಿಯುದ್ದಕ್ಕೂ ಮಾತಿಲ್ಲ.

ಫಕ್ಕೀರೇಶ್ವರ ಮಠದ ಊರು ಅದು. ಮಠಕ್ಕೆ ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ಭಾವನ ಅಂಗಡಿಯಲ್ಲೂ ಕುರ್ಚಿಯ ಮೇಲೆ ಕೂತವರ ಜಾತಿ ಕೇಳುವ ರೂಢಿಯಿಲ್ಲ. ಹಳ್ಳಿಗಳಲ್ಲಿ ಈಗಲೂ ಇದರ ಮೇಲೆ ಜಗಳ ಆಗುವುದನ್ನು ಓದುತ್ತೇವಾದ್ದರಿಂದ ಹೇಳಿದೆ. ಭಾವ ಬಾಗಿಲು ಅರ್ಧ ಎತ್ತಿ ಕಾಯುತ್ತಿದ್ದ. ಬಲೂನು ಊದಿ, ಬ್ರಷ್ಷಿನಿಂದ ನೊರೆ ಹಚ್ಚಿ ಮಗನ ಕೈಗೆ ಕೊಟ್ಟ. ನೊರೆ ಹೋಗಬೇಕು, ಬಲೂನು ಒಡೆಯಬಾರದು. ಅಲಗು ಸುಮಾರು ಮೂವತ್ತು ಡಿಗ್ರಿ ವಾಲಿರಬೇಕು, ಎಡಗೈ ಚರ್ಮ ಎಳೆದು ಹಿಡಿಯಬೇಕು. ಬಲೂನಿಗೆ ಚರ್ಮ ಎಲ್ಲಿಂದ ತರುವುದು ಅಂತ ಹುಡುಗ ಕೇಳಿದ್ದಕ್ಕೆ ಅಪ್ಪ-ಮಗ ಇಬ್ಬರೂ ನಕ್ಕರು.

ಮೂರು ಒಡೆದವು. ನಾಲ್ಕನೆಯದು ಉಳಿಯಿತು.

ಎರಡು ತಿಂಗಳಾಯಿತು. ಮಂಗಳವಾರ ಬೆಳಿಗ್ಗೆ ಹುಡುಗ ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಾನೆ. ದೊಡ್ಡಪ್ಪ ಇನ್ನೂ ಕತ್ತಿ ಕೊಟ್ಟಿಲ್ಲ. ಕಲ್ಲು ಸಪಾಟು ಮಾಡುವುದನ್ನು ಮಾತ್ರ ಕಲಿಸಿದ್ದಾನಂತೆ.