ಅವ್ವನ ಮೊಣಕಾಲಿಗೆ ತಕ್ಕ ಮಂಗಳೂರು

ಫ್ಯಾಮಿಲಿ ಜೊತೆ ಮಂಗಳೂರಲ್ಲಿ ಏನೇನು ನೋಡಬಹುದು ಅಂತ ಯಾರನ್ನೇ ಕೇಳಿ, ಬರೋ ಉತ್ತರವೆಲ್ಲ ಮಕ್ಕಳಿಗಾಗಿ. ಬೋಟಿಂಗ್, ಜಾರುಬಂಡಿ, ವಾಟರ್ ಪಾರ್ಕ್. ಫ್ಯಾಮಿಲಿ ಅಂದ್ರೆ ಗಂಡ, ಹೆಂಡ್ತಿ, ಮಕ್ಕಳು, ಅಷ್ಟೇ. ಆದ್ರೆ ನಮ್ಮ ಕಾರಲ್ಲಿ ಅಪ್ಪ, ಅವ್ವನೂ ಇದ್ರು.

ಅವ್ವನಿಗೆ 68. ಎರಡೂ ಮೊಣಕಾಲು ಸವೆದಿವೆ. ಆಪರೇಷನ್ ದಿನ ಗೊತ್ತಾದಾಗ ಹಾನಗಲ್ಲಿಂದ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಕಾಲು ಕೊಯ್ಸೂಕಿಂತ ಮೊದ್ಲ ಒಮ್ಮೆ ಸಮುದ್ರ ನೋಡೂಣೇನ್ ತಮ್ಮಾ?" ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದ್ರೆ ಕುಮಟಾದಲ್ಲೇ ಸಮುದ್ರ. ಹೊಲ, ದನ, ನಮ್ಮ ಓದು ಅಂತ ಆಕೆ ಅಷ್ಟು ದೂರವೂ ಬಂದಿರಲಿಲ್ಲ. ನನ್ನ ಕೆಲಸ ಇರೋದು ಮಂಗಳೂರಲ್ಲಿ, ಹಾಗಾಗಿ ಇಬ್ಬರನ್ನೂ ಇಲ್ಲಿಗೇ ಕರ್ಕೊಂಡು ಬಂದೆ.

ಮೊದಲ ದಿನ ಪಿಲಿಕುಳ. ಸೋಮವಾರ ಬಿಟ್ಟು ಹೋಗಿ, ಅವತ್ತು ಮೃಗಾಲಯಕ್ಕೆ ರಜೆ. ಜಾಗ ತುಂಬಾ ದೊಡ್ಡದು. ಎಲ್ಲರೂ ಎಲ್ಲವನ್ನೂ ನೋಡ್ತೀವಿ ಅಂದ್ರೆ ಮಧ್ಯಾಹ್ನದೊಳಗೆ ಹಿರಿಯರು ಸುಸ್ತು, ಮಕ್ಕಳು ಸಿಟ್ಟು. ಅದಕ್ಕೆ ಎರಡು ಪಾಲಾದ್ವಿ. ಹೆಂಡತಿ, ಮಕ್ಕಳು ಹುಲಿ ನೋಡೋಕೆ ಹೋದ್ರು. ನಾವು ಮೂವರು ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರರ ಚಕ್ರದ ಮುಂದೆ ಆರಾಮಾಗಿ ಕೂತ್ವಿ.

ಮತ್ತೆ ಎಲ್ಲರೂ ಸೇರಿದ್ದು ತಾರಾಲಯದಲ್ಲಿ. 2018ರಲ್ಲಿ ಶುರುವಾದ ಈ ಸ್ವಾಮಿ ವಿವೇಕಾನಂದ ತಾರಾಲಯ ಮೊಣಕಾಲು ನೋವಿನವರಿಗೆ ಹೇಳಿ ಮಾಡಿಸಿದ್ದು: ಕತ್ತಲು, ತಂಪು, ಒರಗಿ ಕೂರೋ ಕುರ್ಚಿ. ಹೊರಗೆ ಬಂದಾಗ ಮಗಳು ರೋಹಿಣಿ ಅನ್ನೋ ಕೆಂಪು ನಕ್ಷತ್ರದ ಬಗ್ಗೆ ಹೇಳ್ತಿದ್ದಳು. ಅಪ್ಪ ನಿಂತುಬಿಟ್ಟರು. "ರೋಹಿಣಿ ಅಂದ್ರ ಮಳಿ ಅಲ್ಲೇನವ್ವಾ?" ಐವತ್ತು ವರ್ಷ ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಮಳೆ ಲೆಕ್ಕ ಹಾಕಿ ಬಿತ್ತಿದವರು ಅವರು. ಅಜ್ಜ, ಮೊಮ್ಮಗಳ ವಾದ ಮನೆ ಮುಟ್ಟೋವರೆಗೂ ಮುಗೀಲಿಲ್ಲ.

ಎರಡನೇ ದಿನ ಸಮುದ್ರ. 1784ರಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಹತ್ತಿರದಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿದ್ರೆ ತಣ್ಣೀರುಬಾವಿ ಬೀಚ್. ಅವ್ವನಿಗೆ ದೋಣಿ ಹತ್ತಿ ಇಳಿಯೋದು ಆಗದ ಮಾತು. ಹೆಂಡತಿ, ಮಕ್ಕಳನ್ನು ದೋಣಿಗೆ ಬಿಟ್ಟು, ಉಳಿದವರು ಕೂಳೂರು ಸೇತುವೆ ಮೇಲೆ ಕಾರಲ್ಲಿ ಸುತ್ತಿ ಹೋದ್ವಿ. ಒಣ ಮರಳಲ್ಲಿ ಕಾಲು ಹೂತು ಮೊಣಕಾಲಿಗೆ ಪೆಟ್ಟು. ಒದ್ದೆ ಮರಳು ಗಟ್ಟಿ. ಅಪ್ಪ ಒಂದು ಕೈ, ನಾನೊಂದು ಕೈ ಹಿಡಿದು ಅಲ್ಲೀತನಕ ದಾಟಿಸಿ, ಮನೆಯಿಂದ ತಂದಿದ್ದ ಮಡಚೋ ಕುರ್ಚಿ ಹಾಕಿದ್ವಿ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದಕ್ಕ ಆ ಕಡಿ ದಂಡಿ ಇಲ್ಲೇನು?" ಅಂದಳು. ಇದೆ, ಅರಬ್ ದೇಶದಲ್ಲಿ ಅಂದೆ. ಜೂನ್‌ನಲ್ಲಿ ಈ ನೀರಿನ ಮೇಲಿಂದಲೇ ಮೋಡ ಬರೋದು, ಘಟ್ಟ ಹತ್ತಿ ನಮ್ಮ ಕಡೆಗೂ ಬರ್ತಾವೆ ಅಂತ ಮಗಳು ಶಾಲೆ ಪಾಠ ಒಪ್ಪಿಸಿದಳು. "ಹಂಗಾರ ನಮ್ಮ ಆನಿಕೆರಿ ತುಂಬಸೂದು ಇದ," ಅಂತ ಅವ್ವ ಬಗ್ಗಿ, ಬಂದ ತೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನೀವೂ ಹಿರಿಯರನ್ನು ಕರ್ಕೊಂಡು ಹೋಗೋದಾದ್ರೆ ಏನೇನು ನೋಡಬೇಕು ಅನ್ನೋ ಪಟ್ಟಿ ಆಮೇಲೆ ಮಾಡಿ. ಎಲ್ಲಿ ಕೂರಬಹುದು, ಟಾಯ್ಲೆಟ್ ಎಷ್ಟು ದೂರ, ಕಾರು ಎಲ್ಲೀತನಕ ಹೋಗುತ್ತೆ ಅನ್ನೋದನ್ನು ಮೊದಲು ವಿಚಾರಿಸಿ. ದಿನಕ್ಕೆ ಒಂದೇ ಊರಗಲದ ಜಾಗ ಸಾಕು. ಮಡಚೋ ಕುರ್ಚಿ ಮಾತ್ರ ಮರೀಬೇಡಿ. ಮುಂದಿನ ವಾರ ಅವ್ವನ ಆಪರೇಷನ್. ದೋಣಿ ಪ್ರಯಾಣ ಬಾಕಿ ಇದೆ ಅಂತ ಮಕ್ಕಳು ಈಗಲೇ ಆಕೆಗೆ ಹೇಳಿಟ್ಟಿದ್ದಾರೆ.