ವಾಂತಿಯ ಹಿಂದೆಯೇ ಎದೆನೋವು ಬಂದರೆ

ಸೋದರಿಯರೇ, ಹಬ್ಬದೂಟ ಹೆಚ್ಚಾಗಿ ಮನೆಯಲ್ಲಿ ಯಾರಿಗಾದರೂ ವಾಂತಿಯಾದರೆ ನಾವು ಏನು ಮಾಡ್ತೀವಿ? ಜೀರಿಗೆ ಕಷಾಯ, ನಿಂಬೆ ಸೋಡಾ, ಇಲ್ಲವೇ ಒಂದು ಲೋಟ ನೀರು ಮಜ್ಜಿಗೆ. ಬಹುಪಾಲು ಅಷ್ಟಕ್ಕೇ ಸರಿಹೋಗುತ್ತದೆ. ಆದರೆ ಆ ಲೋಟವನ್ನು ಬಾಯಿಗೆ ಹಿಡಿಯಲೇಬಾರದಂಥ ಸಂದರ್ಭವೂ ಒಂದಿದೆ.

2018ರಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಹೀಗಾಯಿತು. ಭಾವನವರಿಗೆ ರಾತ್ರಿ ಹೊಟ್ಟೆ ತೊಳಸಿ ಮೂರು ನಾಲ್ಕು ಸಲ ಬಲವಾಗಿ ವಾಂತಿಯಾಯಿತು. ಕೊನೆಯ ವಾಂತಿಯ ಜೊತೆಗೇ ಎದೆಯೊಳಗೆ ಚೂರಿ ಹಾಕಿದಂಥ ನೋವು, ಬೆನ್ನಿನವರೆಗೂ. ಮೈಯೆಲ್ಲ ಬೆವರು, ಏದುಸಿರು. “ಗ್ಯಾಸು ಕಣಮ್ಮಾ” ಎಂದರು ಅತ್ತೆಯವರು. “ಹಾರ್ಟ್ ಅಟ್ಯಾಕ್ ಇರಬೇಕು” ಎಂದರು ಪಕ್ಕದ ಮನೆಯವರು. ಅಕ್ಕ ಏನನ್ನೂ ಕುಡಿಸದೆ ಆಸ್ಪತ್ರೆಗೆ ಹೊರಡಿಸಿದಳು. ಇ.ಸಿ.ಜಿ.ಯಲ್ಲಿ ಹೃದಯಾಘಾತ ಕಾಣಲಿಲ್ಲ. ಆಗ ಅಕ್ಕ, “ಡಾಕ್ಟ್ರೇ, ಮೊದಲು ವಾಂತಿ, ನೋವು ಬಂದದ್ದು ಆಮೇಲೆ” ಎಂದಳು. ಆ ಒಂದು ಮಾತು ಕೇಳಿ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಅನ್ನನಾಳವೇ ಸೀಳಿತ್ತು!

ಈ ಅಪರೂಪದ ಕಾಯಿಲೆಗೆ ಬೋರ್ಹಾವ ಸಿಂಡ್ರೋಮ್ ಎಂದು ಹೆಸರು. ಹಾಲೆಂಡಿನ ವೈದ್ಯ ಹರ್ಮನ್ ಬೋರ್ಹಾವ ಇದನ್ನು 1724ರಲ್ಲಿ ವಿವರಿಸಿದರು. ಅವರ ರೋಗಿ ಒಬ್ಬ ನೌಕಾಧಿಪತಿ, ಭಾರಿ ಊಟದ ನಂತರ ವಾಂತಿ ಮಾಡಿಕೊಂಡು ತೀರಿಕೊಂಡವರು. ಹೊಲಿಗೆ ಹಾಕಿ ರೋಗಿಯನ್ನು ಉಳಿಸಲು 1947ರವರೆಗೆ ಕಾಯಬೇಕಾಯಿತು.

ಆಗುವುದಿಷ್ಟೇ: ವಾಂತಿಯ ಒತ್ತಡಕ್ಕೆ ಅನ್ನನಾಳದ ಕೆಳಭಾಗ, ಹೆಚ್ಚಾಗಿ ಎಡಗಡೆ, ಬಿರಿಯುತ್ತದೆ. ಹೊಟ್ಟೆಯ ಆಮ್ಲ, ಆಹಾರ ಎಲ್ಲಾ ಎದೆಗೂಡಿಗೆ ಸೋರಿ ನಂಜಾಗುತ್ತದೆ. ಕುಡಿಸಿದ ಕಷಾಯವೂ ಅಲ್ಲಿಗೇ ಹೋಗುತ್ತದೆ! ಕೆಲವರಿಗೆ ಕತ್ತು ಊದಿ, ಚರ್ಮ ಒತ್ತಿದರೆ ಕಡಲೆಪುರಿ ಅದುಮಿದ ಹಾಗೆ ಚರಚರ ಎನ್ನುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಮಧ್ಯವಯಸ್ಸು ದಾಟಿದ ಗಂಡಸರಲ್ಲಿ, ಅದರಲ್ಲೂ ಕುಡಿತವಿದ್ದವರಲ್ಲಿ ಇದು ಹೆಚ್ಚು. ಆದರೆ ನಮ್ಮ ಭಾವನವರು ಕುಡಿದವರೇ ಅಲ್ಲ.

ಚಿಕಿತ್ಸೆಯಲ್ಲಿ ಬಾಯಿಗೆ ಏನೂ ಇಲ್ಲ. ಡ್ರಿಪ್ಸು, ಬಲವಾದ ಆಂಟಿಬಯಾಟಿಕ್ಕು, ಎದೆಯಿಂದ ಕೀವು ಹೊರಹೋಗಲು ನಳಿಕೆ. ಹೆಚ್ಚಿನವರಿಗೆ ಆಪರೇಷನ್ ಮಾಡಿ ಸೀಳು ಹೊಲಿಯುತ್ತಾರೆ, ಕೆಲವರಿಗೆ ಒಳಗಿನಿಂದಲೇ ಸ್ಟೆಂಟ್ ಇಡುತ್ತಾರೆ. ಮೊದಲ 24 ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಉಳಿಯುವ ಆಸೆ ಹೆಚ್ಚು. ತಡವಾದಷ್ಟೂ ಕಷ್ಟ. ಭಾವನವರು ವಾರಗಟ್ಟಲೆ ಹೊಟ್ಟೆಗೆ ಹಾಕಿದ ನಳಿಕೆಯಲ್ಲೇ ಆಹಾರ ತೆಗೆದುಕೊಂಡು ಚೇತರಿಸಿಕೊಂಡರು.

ಆದ್ದರಿಂದ ಇಷ್ಟು ನೆನಪಿಡಿ. ಬಲವಾದ ವಾಂತಿಯ ಹಿಂದೆಯೇ ತಡೆಯಲಾರದ ಎದೆನೋವು ಬಂದರೆ ನೀರು, ಕಷಾಯ, ಮಾತ್ರೆ ಯಾವುದೂ ಬೇಡ. ಕೂಡಲೇ 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಅದು ಹೃದಯಾಘಾತವೇ ಆಗಿದ್ದರೂ ಹೋಗಬೇಕಾದದ್ದು ಅಲ್ಲಿಗೇ. ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ: ಯಾವುದು ಮೊದಲು ಬಂತು, ಯಾವುದು ಆಮೇಲೆ. ಮನೆಯವರ ಊಟ ತಿಂಡಿ, ನೋವು ನರಳಿಕೆಯೆಲ್ಲ ಕಂಡಿರುವವರು ನಾವೇ ತಾನೇ?