ಬಾರ್ಸಿಲೋನಾದಿಂದ ಬತ್ತಲಪಲ್ಲಿಗೆ

ಬಿಟಿಎಂ ಲೇಔಟಿನ ನಮ್ಮ ಮನೆಯ ಎದುರು ಒಂದು ಪಿಜಿ ಇದೆ. ಅಲ್ಲಿನ ಹುಡುಗನೊಬ್ಬ ಸಂಜೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಸರಾಗವಾಗಿ ಸ್ಪ್ಯಾನಿಷ್ ಮಾತಾಡುತ್ತಿದ್ದ. ಎಲ್ಲಿ ಕಲಿತೆಯಪ್ಪಾ ಎಂದು ಕೇಳಿದೆ.

"ನಮ್ಮೂರು ಮಡಕಶಿರದ ಹತ್ರ ಅಕ್ಕಾ. ಅನಂತಪುರದಲ್ಲಿ ಫಾದರ್ ಸಂಸ್ಥೆಯ ಭಾಷಾಶಾಲೆಯಲ್ಲಿ ಕಲಿತೆ. ಅದ್ರಿಂದಲೇ ಇಲ್ಲಿ ಕಂಪನಿ ಕೆಲಸ ಸಿಕ್ತು."

ಮನೆಮಾತು ಕನ್ನಡ, ಓದಿದ್ದು ತೆಲುಗಿನಲ್ಲಿ, ಅನ್ನ ಕೊಟ್ಟದ್ದು ಸ್ಪ್ಯಾನಿಷ್. ಈ ಫಾದರ್ ದುಡಿದ ನೆಲವನ್ನು ನೋಡಲೇಬೇಕು ಅನ್ನಿಸಿತು. ಅವರ ತಾಯ್ನಾಡು ಸ್ಪೇನಿನ ರಾಷ್ಟ್ರೀಯ ದಿನ ಅಕ್ಟೋಬರ್ 12. ಅದರ ಆಸುಪಾಸಿಗೇ ಬಂದ ದಸರಾ ರಜೆಯಲ್ಲಿ ಹೊರಟೆವು.

ಹೆಬ್ಬಾಳ ದಾಟಿದರೆ ಹೈದರಾಬಾದ್ ಹೆದ್ದಾರಿ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಕಳೆದು ಆಂಧ್ರದ ಗಡಿ ಹೊಕ್ಕ ಮೇಲೆ ನೆಲ ಕೆಂಪಾಗುತ್ತದೆ, ಬಂಡೆಗಳು ಏಳುತ್ತವೆ. ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಕೊಂಡ ಈ ದಾರಿಯಲ್ಲೇ ಇದೆ. ಹೆದ್ದಾರಿ ಬಿಟ್ಟು ಧರ್ಮಾವರಂ ಕಡೆ ತಿರುಗಿದಾಗ ಕಣ್ಣು ಹಾಯಿಸಿದಷ್ಟೂ ಕಡಲೆಕಾಯಿ ಹೊಲ. ಬಸವನಗುಡಿ ಪರಿಷೆಯಲ್ಲಿ ನಾವು ಸೇರಿನ ಲೆಕ್ಕದಲ್ಲಿ ಕೊಳ್ಳುವ ಈ ಕಾಯಿಯ ತವರು ಇಂದು ಸ್ಪ್ಯಾನಿಷ್ ಆಡುವ ಬೊಲಿವಿಯಾ, ಅರ್ಜೆಂಟೀನಾಗಳ ಸೀಮೆ. ಪಶ್ಚಿಮ ಘಟ್ಟದ ಮಳೆನೆರಳಿನ ಈ ಪ್ರದೇಶಕ್ಕೆ ಮುಂಗಾರು ಸರಿಯಾಗಿ ತಲುಪುವುದಿಲ್ಲ. ಹಿಂಗಾರು ಪೂರ್ವ ಕರಾವಳಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಬಸವಳಿಯುತ್ತದೆ. ದೇಶದ ಅತಿ ಒಣ ಜಿಲ್ಲೆಗಳಲ್ಲಿ ಅನಂತಪುರವೂ ಒಂದು.

ಇಂಥಲ್ಲಿಗೆ 1969ರಲ್ಲಿ ಬಂದವರು ಆ ಫಾದರ್, ವಿಸೆಂಟೆ ಫೆರರ್. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ, ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಎಬ್ರೋ ನದಿಯ ಕಾಳಗಕ್ಕೆ ಹೋದವರು. ಆಮೇಲೆ ಜೆಸ್ವಿಟ್ ಸಂಘ ಸೇರಿ 1952ರಲ್ಲಿ ಮುಂಬೈಗೆ ಬಂದರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರೊಂದಿಗೆ ಬಾವಿ ತೋಡಿಸತೊಡಗಿದ್ದು ಕೆಲವರ ಕಣ್ಣು ಕೆಂಪಗಾಗಿಸಿತು. 1968ರಲ್ಲಿ ದೇಶ ಬಿಡಬೇಕೆಂಬ ಆದೇಶ ಬಂತು. ಆಗ ಸಾವಿರಾರು ರೈತರು ಮನ್ಮಾಡಿನಿಂದ ಮುಂಬೈಗೆ ನಡೆದೇ ಹೋದರು! ಒಬ್ಬ ಪರದೇಶಿಗಾಗಿ ಅಷ್ಟು ಜನ ಬಿಸಿಲಲ್ಲಿ ನಡೆದದ್ದಕ್ಕಿಂತ ದೊಡ್ಡ ಪ್ರಶಸ್ತಿ ಅವರಿಗೆ ಮತ್ತೆ ಸಿಕ್ಕಿರಲಾರದು. ಕೆಲಕಾಲ ಹೊರಗಿದ್ದು ಮರಳಲು ಪ್ರಧಾನಿ ಇಂದಿರಾ ಗಾಂಧಿ ಅನುವು ಮಾಡಿಕೊಟ್ಟರು. ಅನಂತಪುರದಲ್ಲಿ ನೆಲೆ ನಿಂತ ಮೇಲೆ ಫೆರರ್ ಪಾದ್ರಿಪಟ್ಟ ಬಿಟ್ಟು ಇಂಗ್ಲೆಂಡಿನ ಪತ್ರಕರ್ತೆ ಆನ್ ಪೆರ್ರಿಯವರನ್ನು ಮದುವೆಯಾದರು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ 'ಫಾದರ್'.

ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟನ್ನು ಇಲ್ಲಿ ಎಲ್ಲರೂ ಆರ್‌ಡಿಟಿ ಅನ್ನುತ್ತಾರೆ. ಬತ್ತಲಪಲ್ಲಿಯ ಅದರ ಆಸ್ಪತ್ರೆಗೆ ಹೋದಾಗ ಹೊರಗಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದ ಕುಟುಂಬಗಳು ಕೂತಿದ್ದವು. ಕ್ಷಯ, ಎಚ್‌ಐವಿ ಪೀಡಿತರನ್ನು ಜನ ಮುಟ್ಟಲೂ ಅಂಜುತ್ತಿದ್ದ ಕಾಲದಿಂದ ಇಲ್ಲಿ ಅವರ ಆರೈಕೆ ನಡೆದಿದೆ. ಕನ್ನಡ ಕೇಳಿಸಿ ತಿರುಗಿದೆ. ರಾಯದುರ್ಗದ ಕಡೆಯ ಅಜ್ಜಿ, ಸೊಸೆಯ ಹೆರಿಗೆಗೆ ಬಂದವರು.

"ನಮ್ಮ ಮನೇನೂ ಫಾದರ್ ಕಟ್ಸಿದ್ದೇ ತಾಯಿ. ಪತ್ರ ನನ್ನ ಹೆಸರಲ್ಲೈತಿ."

ಟ್ರಸ್ಟ್ ಬಡವರಿಗೆ ಕಟ್ಟಿಸಿದ ಮನೆಗಳನ್ನು ಹೆಂಗಸರ ಹೆಸರಿಗೇ ಮಾಡಿಸಿದೆ. ಗಂಡ ಕುಡಿದು ಕಳೆಯದಂತೆ, ಹೆಂಡತಿ ಬೀದಿಗೆ ಬೀಳದಂತೆ ಕಾಯುವ ಇಂಥ ಕಾಗದ ಎಷ್ಟು ಬಾಳುಗಳನ್ನು ಉಳಿಸಿದೆಯೋ! ಚೆಕ್‌ಡ್ಯಾಮ್, ಶಾಲೆ, ಕಿವುಡ ಮಕ್ಕಳಿಗೆ ಸನ್ನೆಭಾಷೆಯ ಪಾಠ, ಎಲ್ಲದರ ಹಿಂದೆ ಸ್ಪೇನಿನ ಸಾಮಾನ್ಯ ಸಂಸಾರಗಳ ದುಡ್ಡಿದೆ. ಶಿಕ್ಷಕಿಯರು, ನಿವೃತ್ತರು, ಅಂಗಡಿಯವರು ತಿಂಗಳಿಗಿಷ್ಟು ಎಂದು ಒಂದೊಂದು ಮಗುವಿಗೆ ನೆರವಾಗುತ್ತಾರೆ. ಮಕ್ಕಳು ಅವರಿಗೆ ಪತ್ರ ಬರೆಯುತ್ತಾರೆ. ಕಂಪನಿ ಮಾಲೀಕರು ತಮ್ಮ ಲಾಭದಲ್ಲಿ ಕೊಡುವ ದಾನಕ್ಕಿಂತ ಇದು ನನಗೆ ಹೆಚ್ಚು ಬೆಲೆಯದು.

ಅನಂತಪುರದಲ್ಲಿ ರಫೇಲ್ ನಡಾಲ್ ಪ್ರತಿಷ್ಠಾನ 2010ರಲ್ಲಿ ಆರಂಭಿಸಿದ ಟೆನಿಸ್ ಶಾಲೆಯಿದೆ. ಸಂಜೆಯ ಹೊತ್ತಿಗೆ ಕೂಲಿಕಾರರ ಹೆಣ್ಣುಮಕ್ಕಳು ರಾಕೆಟ್ ಬೀಸುತ್ತಿದ್ದರು. ಆಟದ ಜೊತೆ ಇಂಗ್ಲಿಷ್, ಕಂಪ್ಯೂಟರ್ ಪಾಠವೂ ಉಂಟು.

ಫೆರರ್ 2009ರ ಜೂನ್ 19ರಂದು ಅನಂತಪುರದಲ್ಲೇ ತೀರಿಕೊಂಡರು. ಅವರ ಸಮಾಧಿ ಬತ್ತಲಪಲ್ಲಿಯಲ್ಲಿದೆ. ಜಯನಗರ, ಬನಶಂಕರಿಯಿಂದ ವಾರಾಂತ್ಯಕ್ಕೆ ಲೇಪಾಕ್ಷಿಗೋ ಪುಟ್ಟಪರ್ತಿಗೋ ಹೋಗುವವರು ಇನ್ನಷ್ಟು ದೂರ ಗಾಡಿ ಓಡಿಸಿ ಅಲ್ಲಿಗೂ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.